ಜೇಡೂ ಇಲ್ಲ, ಗೀಡೂ ಇಲ್ಲ: ಹಳೇ ಚೀನೀ ಕಲ್ಲಿನ ಕೆತ್ತನೆ ಗುರುತಿಸುವುದು ಹೇಗೆ

ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಹಳೇ ಬೀಗ, ಗಡಿಯಾರಗಳ ನಡುವೆ ಒಂದು ಪುಟ್ಟ ಕಲ್ಲಿನ ಹೂದಾನಿ ಕಂಡಿತು. ಮೂರು ಕೋತಿ, ಒಂದು ಪೀಚ್ ಮರ. "ಚೀನಾ ಜೇಡ್ ಸಾರ್, ಕಂಟೋನ್ಮೆಂಟ್ ಬಂಗಲೆ ಮಾಲು" ಅಂದ ಮಾರುವವ. ಜೇಡ್ ಅಂದರೆ ಚೀನೀಯರು ಕೆತ್ತನೆಗೆ ಬಳಸುವ ಬೆಲೆಬಾಳುವ ಗಟ್ಟಿ ಕಲ್ಲು. 1,200 ಹೇಳಿ 700ಕ್ಕೆ ಕೊಟ್ಟ.

ಬಸವನಗುಡಿಯ ಮನೆಗೆ ತಂದು ಅಮ್ಮನ ಕೈಗೆ ಕೊಟ್ಟೆ. ಅವರು ತಿರುಗಿಸಿ, ತಳವನ್ನು ಉಗುರಿನಿಂದ ಕೆರೆದರು. ಉಗುರಿನ ತುದಿಯಲ್ಲಿ ಬಿಳಿ ಪುಡಿ. "ಜೇಡೂ ಇಲ್ಲ, ಗೀಡೂ ಇಲ್ಲ. ಬಳಪದ ಕಲ್ಲು ಕಣೋ!" ಸ್ಲೇಟಿನ ಬಳಪ ಹಿಡಿದು, ಕಲ್ಲಿನ ಪಾತ್ರೆಯಲ್ಲಿ ಸಾರು ಕುದಿಸಿದ ಕೈ ಅದು, ಗೊತ್ತಾಗದೆ ಇರುತ್ತಾ? ಬೇಲೂರು, ಹಳೇಬೀಡಿನ ಶಿಲ್ಪಗಳ ಕಲ್ಲಿಗೂ ನಾವು ಇದೇ ಹೆಸರು ಹೇಳುತ್ತೇವಲ್ಲ.

ಜೇಡ್ ಅಂತ ಮಾರುವುದರಲ್ಲಿ ನನ್ನ ಕೈಗೆ ಬಂದದ್ದು ಜಾಸ್ತಿ ಇಂಥದ್ದೇ. ಮೊದಲ ಪರೀಕ್ಷೆ ಅಮ್ಮನದೇ, ಆದರೆ ತಳದಲ್ಲಿ ಮಾತ್ರ, ಕಾಣದ ಮೂಲೆಯಲ್ಲಿ. ಕಲ್ಲುಗಳ ಗಡಸುತನಕ್ಕೆ 1ರಿಂದ 10ರವರೆಗಿನ ಅಳತೆಯಿದೆ, ಅದರಲ್ಲಿ ಉಗುರು ಸುಮಾರು 2.5. ಬಳಪದ ಕಲ್ಲು ಅದಕ್ಕಿಂತ ಮೆತ್ತಗೆ. ಚೀನಾದವರು ಕೆತ್ತನೆಗೆ ಬಳಸುವ ಶೌಷಾನ್, ಚಿಂಗ್‌ಟಿಯಾನ್ ಎಂಬ ಮೆತ್ತನೆ ಕಲ್ಲುಗಳಲ್ಲಿ ಕೆಲವು ಉಗುರಿಗೆ ಬಗ್ಗುವುದಿಲ್ಲ, ತಾಮ್ರದ ಕಾಸಿಗೆ ಬಗ್ಗುತ್ತವೆ. ನಿಜವಾದ ಜೇಡ್ 6ರಿಂದ 7, ಸಾಧಾರಣ ಚಾಕುವಿಗೂ ಜಗ್ಗದು. ಚಾಕುವಿಗೆ ಮಾತ್ರ ಗೀರು ಬೀಳುವ ಹಸಿರು ಕಲ್ಲಾದರೆ ಅದು ಸರ್ಪೆಂಟೈನ್ ಎಂಬ ಬೇರೆ ಕಲ್ಲು ಇರಬಹುದು. ಅದನ್ನೂ ಜೇಡ್ ಅಂತಲೇ ಮಾರುತ್ತಾರೆ.

ಇನ್ನು ಅಚ್ಚು ಹೊಯ್ದ ರೆಸಿನ್, ಅಂದರೆ ಪ್ಲಾಸ್ಟಿಕ್ಕಿನಂಥ ನಕಲಿ. ಕೆನ್ನೆಗೆ ಒತ್ತಿ ನೋಡಿ: ಕಲ್ಲು ತಣ್ಣಗೆ ಕೊರೆಯುತ್ತದೆ, ರೆಸಿನ್‌ಗೆ ಆ ತಂಪಿಲ್ಲ. ಭೂತಗನ್ನಡಿಯಲ್ಲಿ ಗಾಳಿಗುಳ್ಳೆ, ಅಚ್ಚು ಕೂಡಿದ ಗೆರೆ ಕಂಡರೆ ವಾಪಸ್ ಇಟ್ಟುಬಿಡಿ.

ವಯಸ್ಸು ಹೇಳುವುದು ಕಷ್ಟ. ಕೋತಿಯ ಕಂಕುಳಲ್ಲಿ ಇಣುಕಿ ನೋಡಿ. ಕೈ ಉಳಿಯ ಗುರುತು ಏರುಪೇರಾಗಿರುತ್ತದೆ, ಯಂತ್ರದ ತೂತುಗಳು ಒಂದೇ ಅಳತೆ. ಹಳೆಯದಾದರೆ ಕೈ ತಾಗುವ ಕಡೆ, ಅಂದರೆ ಕೋತಿಯ ತಲೆ, ಹೂದಾನಿಯ ಅಂಚು ಸವೆದಿರಬೇಕು. ಎಲ್ಲಾ ಕಡೆ ಒಂದೇ ಸಮ ಕಂದು ಇದ್ದರೆ ಟೀ ಡಿಕಾಕ್ಷನ್ನೋ ಬೂಟ್ ಪಾಲಿಷೋ ಬಳಿದಿರಬಹುದು. ತಳದಲ್ಲಿ ಇಂಗ್ಲಿಷಿನಲ್ಲಿ 'ಚೈನಾ' ಅಂತಿದ್ದರೆ ಸಾಮಾನ್ಯವಾಗಿ 1891ರ ಈಚಿನ ರಫ್ತು ಮಾಲು. ದೇಶದ ಹೆಸರು ಹಾಕಲೇಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ಮಾಡಿತ್ತು. ಚೀನೀ ಮುದ್ರೆಯನ್ನು ಮಾತ್ರ ನಂಬಬೇಡಿ, ಅದನ್ನು ಯಾರು ಬೇಕಾದರೂ ಕೊರೆಯಬಹುದು.

ಚಿತ್ರಗಳಿಗೂ ಅರ್ಥವಿದೆ. ಪೀಚ್ ಅಂದರೆ ದೀರ್ಘಾಯುಸ್ಸು. ಬಾವಲಿ ಅಲ್ಲಿ ಶುಭ, ಅವರ ಭಾಷೆಯಲ್ಲಿ ಬಾವಲಿಗೂ ಭಾಗ್ಯಕ್ಕೂ ಒಂದೇ ಉಚ್ಚಾರ, 'ಫೂ'. ನಮ್ಮಲ್ಲಿ ಮನೆಯೊಳಗೆ ಬಾವಲಿ ಬಂದರೆ ಶಾಂತಿ ಮಾಡಿಸುತ್ತಾರೆ!

ಈಗ ನನ್ನ ತಪ್ಪು. ಒಂದು ದೀಪಾವಳಿಗೆ ಮನೆ ತೊಳೆಯುವಾಗ ಹೂದಾನಿಯನ್ನೂ ಬಿಸಿನೀರು, ಪಾತ್ರೆ ಸೋಪಿನಲ್ಲಿ ಮುಳುಗಿಸಿದೆ. ಹೊಳಪಿಗೆ ಮೇಲೆ ಹಚ್ಚಿದ್ದ ಮೇಣ ಹೋಗಿ ಕಲ್ಲು ಬೂದಿ ಬಳಿದಂತಾಯಿತು. ಐದು ನಿಮಿಷಕ್ಕೆ ಟಪ್ ಅಂತ ಒಂದು ಕೋತಿಯ ತೋಳು ಕೈಗೆ ಬಂತು. ಹಿಂದೆ ಯಾರೋ ಅಂಟಿಸಿದ್ದರು, ಬಿಸಿಗೆ ಆ ಅಂಟು ಬಿಟ್ಟಿತ್ತು. ಗಾಬರಿಯಲ್ಲಿ ಸೂಪರ್ ಗ್ಲೂ ಹಚ್ಚಿದೆ. ಈಗಲೂ ಭುಜದಲ್ಲಿ ಬಿಳಿ ಗೆರೆ.

ಆದ್ದರಿಂದ ಮುಳುಗಿಸಬೇಡಿ. ನಮ್ಮೂರಿನ ರಸ್ತೆ ಧೂಳಿಗೆ ಮೆತ್ತನೆ ಪೇಂಟ್ ಬ್ರಷ್ ಸಾಕು. ಜಿಡ್ಡಿದ್ದರೆ ಡಿಸ್ಟಿಲ್ಡ್ ನೀರಲ್ಲಿ ಒದ್ದೆ ಮಾಡಿ ಹಿಂಡಿದ ಹತ್ತಿ, ಮೊದಲು ತಳದಲ್ಲಿ. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ, ಬಣ್ಣ ಹಾಕಿದ ಕಲ್ಲು ಅದು. ಹುಣಸೆಹಣ್ಣು, ನಿಂಬೆ ಬೇಡವೇ ಬೇಡ. ಕಲ್ಲು ಅಮೃತಶಿಲೆಯಾಗಿದ್ದರೆ ಹುಳಿ ಅದನ್ನು ತಿಂದೇಬಿಡುತ್ತದೆ. ಕೊಬ್ಬರಿ ಎಣ್ಣೆ ಎರಡು ದಿನ ಮಿನುಗಿ ಆಮೇಲೆ ಧೂಳು ಅಂಟಿಸಿಕೊಳ್ಳುತ್ತದೆ. ದೇವರ ಗೂಡಲ್ಲೂ ಇಡಬೇಡಿ, ಕುಂಕುಮದ ಕೆಂಪು ಕಲ್ಲಿಗೆ ಇಳಿದರೆ ಹೋಗುವುದಿಲ್ಲ. ಗ್ರಾನೈಟ್ ಮೇಲೆ ಇಡುವುದಾದರೆ ಅಡಿಯಲ್ಲಿ ಬಟ್ಟೆ ಹಾಕಿ. ಎತ್ತುವಾಗ ತಳಕ್ಕೆ ಎರಡೂ ಕೈ ಕೊಡಿ, ಕೋತಿಯನ್ನು ಹಿಡಿದಲ್ಲ.

ಅಮೆರಿಕದ ಮಗನಿಗೆ ಕೊಟ್ಟು ಕಳಿಸುವ ಆಸೆ ಇದ್ದರೆ ಹುಷಾರು: 100 ವರ್ಷ ದಾಟಿದ ಶಿಲ್ಪವನ್ನು ನಾವು ನೀವು ದೇಶದಾಚೆ ಕಳಿಸುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ.

ನನ್ನ ಹೂದಾನಿ ಷೋಕೇಸಿನಲ್ಲಿದೆ, ಬಿಳಿ ಗೆರೆ ಗೋಡೆ ಕಡೆಗೆ.