ಕೈ ನಡಗಾಕತ್ತಾವ ಅಂದ್ರ ಮೊದ್ಲ ಗುಳಿಗಿ ಚೀಲ ಸುರುವಿ ನೋಡ್ರಿ

ನಮ್ ಕಡೆ ಹಿರ್ಯಾರ ಕೈ ನಡಗಾಕ ಹತ್ತಿದ್ರ ಎರಡ ಮಾತ ಬರ್ತಾವ, ಒಂದು "ವಯಸ್ಸಾತು ಬಿಡ್ರಿ", ಇನ್ನೊಂದು "ಪಾರ್ಕಿನ್ಸನ್ ಇರ್ಬೇಕು, ಮಿರಜಕ್ಕ ಒಯ್ರಿ". ಪಾರ್ಕಿನ್ಸನ್ ಅಂದ್ರ ಕೈ ನಡಗಿ, ಮೈ ಸೆಟೆದು, ನಡಿಗಿ ನಿಧಾನ ಆಗೂ ಮೆದುಳಿನ ರೋಗ. ಎರಡೂ ಅವಸರದ ಮಾತು. ಮಿರಜಕ್ಕರ ಹೋಗ್ರಿ, ಬೆಳಗಾವಿ ಕೆಎಲ್‌ಇಗರ ಹೋಗ್ರಿ, ಸೊಲ್ಲಾಪುರಕ್ಕರ ಹೋಗ್ರಿ, ಹೋಗೂಕಿಂತ ಮೊದ್ಲ ಮನ್ಯಾಗ ಮಾಡೂ ಕೆಲಸ ಒಂದಿಷ್ಟ ಅದಾವ.

ಮೊದಲನೇದು, ಈಗ ನುಂಗಾಕತ್ತಿದ್ದ ಎಲ್ಲಾ ಗುಳಿಗಿ ಒಂದ ಕಡೆ ಸುರುವ್ರಿ, ಔಷಧದ ಅಂಗಡ್ಯಾಗ ಕೇಳಿ ತಂದದ್ದೂ ಸೇರಿಸಿ. ಚಕ್ಕರ್ ಬರ್ತೈತಿ ಅಂತ ಕೊಡೂ ಸಿನ್ನಾರಿಝಿನ್, ತಲಿಶೂಲಿಗೆ ಕೊಡೂ ಫ್ಲುನಾರಿಝಿನ್, ವಾಂತಿಗೆ ಕೊಡೂ ಮೆಟೊಕ್ಲೊಪ್ರಮೈಡ್, ಆಮ್ಯಾಲೆ ಗ್ಯಾಸಿನ ಗುಳಿಗಿ ಜೊತಿ ಕೂಡಿಸಿ ಬರೂ ಲೆವೊಸಲ್ಪಿರೈಡ್, ಇವು ತಿಂಗಳಾನುಗಟ್ಟಲೆ ಹೊಟ್ಟಿಗೆ ಹೋದ್ರ ಪಾರ್ಕಿನ್ಸನ್ ಇದ್ದಂಗ ಮೈ ಸೆಟಿತೈತಿ, ನಡಿಗಿ ಸಣ್ಣ ಆಗತೈತಿ. ಗ್ಯಾಸಿನ ಗುಳಿಗಿಯಿಂದ ಕೈ ನಡಗತಾವ ಅಂತ ಯಾರ ಅನ್ಕೋತಾರ ಹೇಳ್ರಿ, ಅದಕ್ಕ ಆ ಚೀಟಿ ಯಾರೂ ತೋರ್ಸೂದಿಲ್ಲ. ಡಾಕ್ಟರ್ ಅದನ್ನ ನಿಲ್ಲಿಸಿದ ಮ್ಯಾಲೆ ಭಾಳ ಮಂದಿಗೆ ಕೆಲವು ವಾರ ಇಲ್ಲಾ ತಿಂಗಳದಾಗ ಹಗೂರ್ಕ ಇಳೀತೈತಿ. ದಮ್ಮಿನ ಔಷಧ, ಥೈರಾಯ್ಡ್ ಹೆಚ್ಚಾಗಿದ್ದು, ಇವೂ ಕೈ ನಡಗಿಸ್ತಾವ. ಮಾನಸಿಕ ರೋಗಕ್ಕ, ಫಿಟ್ಸಿಗೆ ಕೊಟ್ಟಿದ್ದ ಗುಳಿಗಿ ಮಾತ್ರ ನೀವ ನಿಲ್ಲಿಸಬ್ಯಾಡ್ರಿ, ಬರೆದುಕೊಟ್ಟವರನ್ನ ಕೇಳ್ರಿ.

ಎರಡನೇದು, ಫೋನಿನ್ಯಾಗ ವಿಡಿಯೋ ಮಾಡ್ಕೋರಿ. ಡಾಕ್ಟರ ಮುಂದ ಕುಂತಾಗ ಎಷ್ಟೋ ಮಂದಿ ಅಗದಿ ಚಲೋ ನಡೀತಾರ, ಮನಿಗೆ ಬಂದ ಕೂಡ್ಲೆ ಮತ್ತ ಹೊಸ್ತಿಲದಾಗ ನಿಂತಬಿಡ್ತಾರ. ಕುಂತಾಗ ತೊಡಿ ಮ್ಯಾಲೆ ಇಟ್ಟ ಕೈ, ಚಾ ಕಪ್ಪು ಬಶಿ ಹಿಡಿದಾಗಿನ ಕೈ, ಎದ್ದು ಹತ್ತು ಹೆಜ್ಜಿ ನಡಿಯೂದು, ಅಂಗಿ ಗುಂಡಿ ಹಾಕ್ಕೊಳ್ಳೂದು, ಇಷ್ಟ ಸಾಕು. ಸುಮ್ನ ಇಟ್ಟ ಕೈ ನಡಗಿ, ಕೆಲಸಕ್ಕ ಎತ್ತಿದಾಗ ಕಮ್ಮಿ ಆಗಿ, ಜೊತಿಗೆ ಎಲ್ಲಾ ಕೆಲಸ ನಿಧಾನ ಆಗಿದ್ರ, ನಡಿಯೂವಾಗ ಒಂದ ಕೈ ಬೀಸದಿದ್ರ, ಅದು ಪಾರ್ಕಿನ್ಸನ್ ಕಡೆ ಹೊಂಟಂಗ. ಸುಮ್ನ ಇದ್ದಾಗ ಏನೂ ಇಲ್ಲ, ಬಶಿ ಹಿಡಿದ ಕೂಡ್ಲೆ ಚಾ ಚೆಲ್ಲತೈತಿ, ಅವರಪ್ಪಗೂ ಹಂಗ ಇತ್ತು ಅಂದ್ರ ಅದು ಬಹುಶಃ ಎಸೆನ್ಷಿಯಲ್ ಟ್ರೆಮರ್. ಅದಕ್ಕ ಪ್ರೊಪ್ರನಲೋಲ್ ಇಲ್ಲಾ ಪ್ರಿಮಿಡೋನ್ ಕೊಡ್ತಾರ, ದಮ್ಮು ಇದ್ದವರಿಗೆ ಪ್ರೊಪ್ರನಲೋಲ್ ಆಗಂಗಿಲ್ಲ, ಮೊದ್ಲ ಹೇಳ್ರಿ. ಇನ್ನ ಎಂಆರ್‌ಐ ನಾರ್ಮಲ್ ಬಂತು ಅಂದ್ರ ಏನೂ ಇಲ್ಲ ಅಂತ ಅಲ್ಲ, ಪಾರ್ಕಿನ್ಸನ್‌ದಾಗ ಸಾದಾ ಎಂಆರ್‌ಐ ನಾರ್ಮಲ್ ಬರೂದ ಹೆಚ್ಚು, ಬ್ಯಾರೆ ಏನರ ಐತೇನು ನೋಡಾಕ ತಗಸ್ತಾರ. ರೋಗ ಗುರ್ತು ಹಿಡಿಯೂದು ನರರೋಗ ತಜ್ಞರು ಕೈಕಾಲು ಆಡಿಸಿ ನೋಡಿ.

ಈಗ ಹುಡುಗರ ವಿಷಯ, ಇದನ್ನ ಸ್ವಲ್ಪ ನಿಂತು ಓದ್ರಿ. ನಮ್ ಕಡೆ ಸ್ವಾದರಮಾವಗ ಕೊಡೂದು, ಅತ್ತಿ ಮಗನ ಕೂಡ ಮಾಡೂದು ಇನ್ನೂ ಐತಿ. ತಾಯಿ ತಂದಿ ಇಬ್ಬರ ಕಡಿಂದನೂ ಜೀನಿನ ದೋಷ ಬಂದ್ರ ಮಾತ್ರ ಆಗೂ ರೋಗ ಇಂಥ ಮನ್ಯಾಗ ಜಾಸ್ತಿ ಕಾಣ್ತಾವ, ಅದ್ರಾಗ ಒಂದು ವಿಲ್ಸನ್ ಕಾಯಿಲೆ, ತಾಮ್ರ ಮೈಯಾಗ ಕೂಡಿ ಲಿವರ್ರು ಮೆದುಳು ಕೆಡಸತೈತಿ. ಸಾಲಿ ಹುಡುಗನ ಅಕ್ಷರ ಒಮ್ಮಿಂದೊಮ್ಮೆಲೆ ಕೆಡೂದು, ಮಾತು ತೊದಲೂದು, ಜೊಲ್ಲು, ಕೈ ನಡುಕ, ಸಿಟ್ಟು, ಇವನ್ನ ನೋಡಿ ಮಂದಿ ಗುಡಿಗುಂಡಾರ ತಿರಗ್ತಾರ, ತಿರಗ್ರಿ ಬ್ಯಾಡ ಅನ್ನಂಗಿಲ್ಲ, ಖರೆ ಜೊತಿಗೆ ರಕ್ತದಾಗ ಸೆರುಲೊಪ್ಲಾಸ್ಮಿನ್ (ತಾಮ್ರ ಹೊರೂ ಪ್ರೊಟೀನು), 24 ತಾಸಿನ ಮೂತ್ರದಾಗ ತಾಮ್ರ, ಕಣ್ಣಿನ ಡಾಕ್ಟರ ಹತ್ರ ಸ್ಲಿಟ್ ಲ್ಯಾಂಪ್ (ಬೆಳಕು ಬಿಟ್ಟು ಕಣ್ಣು ನೋಡೂ) ಪರೀಕ್ಷೆ ಮಾಡಸ್ರಿ. ಪೆನಿಸಿಲಮಿನ್, ಝಿಂಕ್ ಇಂಥಾ ಔಷಧ ಅದಾವ, ಜನ್ಮಪೂರ್ತಿ ತಗೋಬೇಕು, ಲಗೂ ಸುರು ಮಾಡಿದ್ರ ಹುಡುಗ ಚಲೋ ಆಗ್ತಾನ. ಒಡಹುಟ್ಟಿದವರಿಗೂ ಟೆಸ್ಟ್ ಬೇಕ ಬೇಕು, ಅವರು ಗಟ್ಟಿ ಇದ್ರೂ. ಇನ್ನೊಂದು ಐತಿ, ಕೂಸು ಮುಂಜಾನೆ ಚಲೋ ನಡದು ಸಂಜಿ ಆದಂಗ ಕಾಲು ತಿರಿಚಿ ನಡಿಯೂದು, ಅದಕ್ಕ ಪಾರ್ಕಿನ್ಸನ್‌ಗೆ ಕೊಡೂ ಲೆವೊಡೋಪಾ ಔಷಧಾನ ಸಣ್ಣ ಪ್ರಮಾಣದಾಗ ಸಾಕಾಗೂದು ಐತಿ.

ಪಾರ್ಕಿನ್ಸನ್ ಖಾತ್ರಿ ಆತು ಅಂತ ತಿಳ್ಕೋರಿ. ಮೆದುಳಿನ್ಯಾಗ ಡೋಪಮಿನ್ (ಮೈ ಆಡಸಾಕ ಬೇಕಾದ ರಸಾಯನ) ಕಮ್ಮಿ ಆಗಿರತೈತಿ, ಲೆವೊಡೋಪಾ ಅದನ್ನ ತುಂಬತೈತಿ, ರೋಗ ವಾಸಿ ಮಾಡಂಗಿಲ್ಲ, ಮನಷ್ಯಾನ್ನ ಎಬ್ಬಿಸಿ ನಡಸ್ತೈತಿ. ಔಷಧದ ಅಂಗಡ್ಯಾಗ ಸಿಂಡೋಪಾ (ಲೆವೊಡೋಪಾ, ಕಾರ್ಬಿಡೋಪಾ ಎರಡೂ ಕೂಡಿಸಿದ ಗುಳಿಗಿ) ಅಂತ ಕೇಳಿದ್ರ ಕೊಡ್ತಾರ, ಖರೆ ಅದ್ರಾಗ ನಂಬರ್ ನೋಡ್ಕೋರಿ. 110 ಅಂದ್ರ ಲೆವೊಡೋಪಾ 100 ಮಿಲಿಗ್ರಾಂ ಕಾರ್ಬಿಡೋಪಾ 10 ಮಿಲಿಗ್ರಾಂ, ಪ್ಲಸ್ 125 ಅಂದ್ರ 100 ಮತ್ತ 25, 275 ಅಂದ್ರ 250 ಮತ್ತ 25. ಸ್ಟಾಕ್ ಇಲ್ಲ ಅಂತ 110 ರ ಬದ್ಲಿ 275 ಕೊಟ್ರ ಗತಿ ಏನು. ಸಿಆರ್ (ಹಗೂರ್ಕ ಕರಗೂದು) ಅಂತ ಬರೆದ ಗುಳಿಗಿ ಕುಟ್ಟಿ ಪುಡಿ ಮಾಡಿ ಕೊಡಬಾರ್ದು.

ಮತ್ತ ಹೊತ್ತು. ಚಿಕಿತ್ಸೆದಾಗ ಅರ್ಧ ಪಾಲು ಗಡಿಯಾರದ್ದು ಅಂತ ನಾ ಹೇಳ್ತೀನಿ. ಲೆವೊಡೋಪಾ ಗುಳಿಗಿ ಊಟಕ್ಕಿಂತ ಅರ್ಧ ತಾಸು ಮೊದ್ಲ ಇಲ್ಲಾ ಉಂಡು ಒಂದೆರಡ ತಾಸಿನ ಮ್ಯಾಲೆ, ಬರೇ ನೀರಿನ ಜೊತಿ. ಹಾಲು, ಮೊಸರು, ಬ್ಯಾಳಿ, ಮಡಕಿಕಾಳ ಉಸಳಿ, ಮೊಟ್ಟಿ, ಇವುಗಳ ಪ್ರೊಟೀನು ಲೆವೊಡೋಪಾಕ್ಕ ಅಡ್ಡ ಬರ್ತೈತಿ, ಗಟ್ಟಿ ಹಾಲಿನ ಚಾದಾಗ ಗುಳಿಗಿ ನುಂಗೂದು ನಮ್ ಮಂದಿ ಚಟ, ಅದನ್ನ ಬಿಡಸ್ರಿ. ಕಾಳು ಬ್ಯಾಳಿ ಪೂರ್ತಿ ಬಿಡಬ್ಯಾಡ್ರಿ, ರಾತ್ರಿ ಊಟಕ್ಕ ಸರಸ್ರಿ, ಹಗಲೊತ್ತು ರೊಟ್ಟಿ ಪಲ್ಯೆ ಜಾಸ್ತಿ ಇರ್ಲಿ. ಸುರುವಿಗೆ ವಾಕರಿಕಿ ಬಂದ್ರ ಒಂದ ತುಂಡು ರೊಟ್ಟಿ ಕೊಟ್ಟು ನುಂಗಸ್ರಿ. ಕಬ್ಬಿಣದ ಗುಳಿಗಿ ಬ್ಯಾರೆ ಹೊತ್ತಿಗೆ.

ಕೆಲವು ವರ್ಷಕ್ಕ ಗುಳಿಗಿಯ ಕಸುವು ಮುಂದಿನ ಡೋಸಿನ ತನಕ ಹಿಡಿಯಂಗಿಲ್ಲ, ಇಲ್ಲಾ ಉಲ್ಟಾ, ಮೈ ತಾನ ಕುಣದಂಗ ಆಗತೈತಿ. ಯಾವ ತಾಸಿಗೆ ಗುಳಿಗಿ, ಯಾವಾಗ ಸೆಟೀತು, ಯಾವಾಗ ಕುಣೀತು, ಮೂರ್ನಾಕ ದಿನ ಬರೆದು ಒಯ್ರಿ, ಡಾಕ್ಟರು ಅದನ್ನ ನೋಡಿ ಡೋಸ್ ಒಡೀತಾರ ಇಲ್ಲಾ ಬ್ಯಾರೆ ಕೂಡಸ್ತಾರ. ಡೋಪಮಿನ್ ಇದ್ದಂಗ ಕೆಲಸ ಮಾಡೂ ಗುಳಿಗಿ ಪ್ರಮಿಪೆಕ್ಸೋಲ್, ರೊಪಿನಿರೋಲ್ ಸುರು ಮಾಡಿದ್ರ ಮನಿಯವರು ಕಣ್ಣಿಟ್ಟಿರ್ರಿ, ಇಸ್ಪೀಟು ಆನ್‌ಲೈನ್ ಜೂಜು ದುಂದು ಖರ್ಚು ಹಿಂದಿಲ್ಲದ್ದು ಹತ್ತಿಕೊಂಡ್ರ ಅದು ಗುಳಿಗಿ ಕೆಲಸ, ಅವರ ಸ್ವಭಾವ ಅಲ್ಲ. ನಡುಕಕ್ಕ ಕೊಡೂ ಪ್ಯಾಸಿಟೇನ್ ಗುಳಿಗಿ ವಯಸ್ಸಾದವರಿಗೆ ಮರವು, ಮೂತ್ರ ಕಟ್ಟೂದು ತರ್ತೈತಿ. ನಸಗುನ್ನಿ ಬೀಜದ ಪುಡಿ ಕೊಡೂದು ಸುಳ್ಳಲ್ಲ, ಅದ್ರಾಗ ಖರೇನ ಲೆವೊಡೋಪಾ ಐತಿ, ಅದಕ್ಕ ಗುಳಿಗಿ ಜೊತಿ ಮುಚ್ಚಿಟ್ಟು ತಗೊಂಡ್ರ ಡೋಸ್ ಎಷ್ಟಾತು ಯಾರಿಗೂ ತಿಳಿಯಂಗಿಲ್ಲ.

ಕುತಿಗಿ ಒಂದ ಕಡೆ ತಿರುಗೂದು, ಬರೆಯೂವಾಗ ಮಾತ್ರ ಕೈ ಹಿಡಕೊಳ್ಳೂದು, ಮಾರಿ ಒಂದ ಬದಿ ಸೆಳಿಯೂದು (ನಾವು ಕಣ್ಣ ಹಾರತೈತಿ, ಅಪಶಕುನ ಅಂತ ಕುಂತಿರ್ತೀವಿ), ಇವಕ್ಕ ಸ್ನಾಯು ಸಡಿಲ ಮಾಡೂ ಬೊಟುಲಿನಮ್ ಇಂಜೆಕ್ಷನ್ ಚಲೋ, ಸುಮಾರು ಮೂರು ತಿಂಗಳು ಹಿಡೀತೈತಿ, ಆಮ್ಯಾಲೆ ಮತ್ತ ಹಾಕಸ್ಬೇಕು.

ಪಾರ್ಕಿನ್ಸನ್‌ಗೆ ಮಾಡೂ ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಶನ್) ಆಪರೇಷನ್, ಮೆದುಳಿನ್ಯಾಗ ತಂತಿ ಎದಿಯಾಗ ಬ್ಯಾಟ್ರಿ, 1987 ರಾಗ ಫ್ರಾನ್ಸ್‌ದಾಗ ಸುರು ಆದದ್ದು. ಲೆವೊಡೋಪಾದಿಂದ ಚಲೋ ಗುಣ ಕಾಣತಿದ್ದು, ಈಗ ಏರಿಳಿತ ಜಾಸ್ತಿ ಆದವರಿಗೆ ಅದು. ಮರವು, ಜೋಲಿ ಹೋಗಿ ಬೀಳೂದಕ್ಕ ಅಲ್ಲ. ಲಕ್ಷಗಟ್ಟಲೆ ಖರ್ಚು, ಆಪರೇಷನ್ ಆದ ಮ್ಯಾಲೂ ಸೆಟ್ಟಿಂಗ್ ಮಾಡಸಾಕ ಮ್ಯಾಲಿಂದ ಮ್ಯಾಲೆ ಹೋಗ್ಬೇಕು, ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಕರ್ಕೊಂಡು ಹೋಗವ್ರು ಮನ್ಯಾಗ ಯಾರ ಅದಾರ ಅಂತ ಮೊದ್ಲ ಲೆಕ್ಕಾ ಹಾಕ್ರಿ. ನಿಮ್ಹಾನ್ಸ್‌ದಾಗ ಒಮ್ಮೆ ಅಭಿಪ್ರಾಯ ಕೇಳೂದು ಚಲೋ.

ವ್ಯಾಯಾಮ ಗುಳಿಗಿಯಷ್ಟ ಮುಖ್ಯ. ಕಾಲು ನೆಲಕ್ಕ ಅಂಟಿ ನಿಂತಬಿಟ್ರ ಜಗ್ಗಬ್ಯಾಡ್ರಿ, "ಒಂದ್ ಎರಡ್, ಒಂದ್ ಎರಡ್" ಅಂತ ಹಲಗಿ ಬಡದಂಗ ತಾಳ ಹಾಕ್ರಿ, ಇಲ್ಲಾ ಬಾಗಿಲ ಹತ್ರ ನೆಲಕ್ಕ ಬಣ್ಣದ ಟೇಪ್ ಅಡ್ಡಡ್ಡ ಹಚ್ಚಿ ದಾಟಸ್ರಿ. ದನಿ ಸಣ್ಣ ಆದ್ರ ದಿನಾ ಪೇಪರ್ ಜೋರ ಓದಸ್ರಿ. ಎದ್ದ ಕೂಡ್ಲೆ ಬಿಪಿ ಇಳದು ಬೀಳ್ತಾರ, ಹಾಸಗಿ ಮ್ಯಾಲೆ ಸ್ವಲ್ಪ ಕುಂತು ಆಮ್ಯಾಲೆ ಏಳ್ಲಿ.

ರೊಕ್ಕದ್ದು: 2016 ರ ಅಂಗವಿಕಲರ ಕಾಯ್ದೆದಾಗ ಪಾರ್ಕಿನ್ಸನ್ ಐತಿ, ಯುಡಿಐಡಿ (ಅಂಗವಿಕಲರ ಗುರ್ತಿನ) ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ ಜಿಲ್ಲಾ ಆಸ್ಪತ್ರ್ಯಾಗ ತಪಾಸಣೆ ಮಾಡಸ್ರಿ, ಅಂಗವೈಕಲ್ಯ ಶೇಕಡಾ 40 ಇಲ್ಲಾ ಅದಕ್ಕಿಂತ ಜಾಸ್ತಿ ಇದ್ರ ಸವಲತ್ತು ಕೇಳಬಹುದು.

ಕಾಲು ಮುರದೋ ಜ್ವರ ಬಂದೋ ದವಾಖಾನ್ಯಾಗ ಅಡ್ಮಿಟ್ ಆದ್ರ ಲೆವೊಡೋಪಾ ಒಮ್ಮೆಲೆ ನಿಲ್ಲಬಾರ್ದು, ಜ್ವರ ಏರಿ ಮೈ ಕಟ್ಟಿಗಿ ಆಗಿ ಜೀವಕ್ಕ ಕುತ್ತು ಬರ್ತೈತಿ. ಗುಳಿಗಿ, ತಾಸಿನ ಪಟ್ಟಿ ನಿಮ್ ಕೈಯಾಗ ಒಯ್ರಿ, ವಾಂತಿಗೆ ಮೆಟೊಕ್ಲೊಪ್ರಮೈಡ್ ಕೊಡಬ್ಯಾಡ್ರಿ ಅಂತ ಫೈಲಿನ ಮ್ಯಾಲೆ ಕೆಂಪು ಪೆನ್ನಿನ್ಯಾಗ ಬರಸ್ರಿ, ರಾತ್ರಿ ಡ್ಯೂಟಿ ಸಿಸ್ಟರಿಗೂ ಬಾಯಿಲೆ ಹೇಳಿ ಬರ್ರಿ.