ಹಾಸಿಗೆ ನುಂಗಿದ ಆಳ: ಮಕ್ಕಳ ಸಿಪಿಆರ್ ಅಳೆದ ನನ್ನ ಅನುಭವ

"ಏನ್ ಸಿಸ್ಟರ್, ಬೊಂಬೆ ಆಟ ಇನ್ನೂ ಮುಗಿದಿಲ್ವಾ?" ಎರಡು ಮಳೆಗಾಲ ನಮ್ಮ ಡಾಕ್ಟರ್ ಹೀಗೇ ಕೇಳಿದರು. ಈಗ ಕೇಳುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿರಾಜಪೇಟೆ ಕಡೆಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಹೊಸಬರಿಗೆ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡೋದನ್ನು, ಬೊಂಬೆ ಮೇಲೆ ಕಲಿಸುವ ಕೆಲಸವೂ ನನ್ನ ತಲೆಗೇ. ಒತ್ತಿದಾಗ ಎದೆ ತನ್ನ ದಪ್ಪದ ಮೂರನೇ ಒಂದು ಭಾಗವಾದರೂ ಇಳಿಯಬೇಕು, ಕೂಸಿಗೆ ಸುಮಾರು 4 ಸೆಂ.ಮೀ., ದೊಡ್ಡ ಮಗುವಿಗೆ 5, ನಿಮಿಷಕ್ಕೆ 100ರಿಂದ 120 ಒತ್ತು. ಬಾಯಲ್ಲಿ ಎಲ್ಲರೂ ಹೇಳುತ್ತಾರೆ. ಕೈ ಎಷ್ಟು ಇಳಿಯುತ್ತಿದೆ ಅಂತ ಯಾರು ನೋಡಿದ್ದಾರೆ? ಅಳತೆ ತೋರಿಸುವ ಬೊಂಬೆಗೆ ಕೊಟೇಶನ್ ತರಿಸಿದೆ. ಒಂದೂವರೆ ಲಕ್ಷದ ಹತ್ತಿರ ಇತ್ತು. ಆ ಕಾಗದ ಟೀ ಲೋಟದ ಕೆಳಗೆ ಹೋಯಿತು.

ನಮ್ಮ ಹತ್ತಿರ ಐದಾರು ವರ್ಷದ ಮಗುವಿನಷ್ಟಿರೋ ಹಳೇ ಬೊಂಬೆ ಇತ್ತು. ಭಾವನ ಮಗನಿಗೆ ಗೋಣಿಕೊಪ್ಪದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಇನ್ನೂರು ರೂಪಾಯಿ ಚಿಲ್ಲರೆಯ ಎಂಪಿಯು 6050 ಅನ್ನೋ ಚಲನೆ ಹಿಡಿಯುವ ಸೆನ್ಸರ್ ತಂದು, ಒಂದು ಚಿಕ್ಕ ಬೋರ್ಡಿಗೆ ಬೆಸುಗೆ ಹಾಕಿ, ಅಂಗೈ ಕೆಳಗೆ ಇಟ್ಟೆವು. ಮೊದಲ ದಿನ ಒಂದು ನಿಮಿಷ ಒತ್ತಿದ್ದಕ್ಕೆ ಆಳ ಎರಡು ಮೀಟರ್ ಅಂತ ತೋರಿಸಿತು! ಅದು ಆಳವನ್ನು ನೇರವಾಗಿ ಅಳೆಯಲ್ಲ, ಚಲನೆಯನ್ನು ಕೂಡಿಸಿ ಲೆಕ್ಕ ಹಾಕಬೇಕು; ಚಿಕ್ಕ ತಪ್ಪು ಕೂಡುತ್ತಾ ಕೂಡುತ್ತಾ ಬೆಟ್ಟ ಆಗುತ್ತೆ. ಪ್ರತಿ ಒತ್ತಿಗೂ ಸೊನ್ನೆಗೆ ತಂದ ಮೇಲೆ ಸರಿಹೋಯಿತು ಅಂದುಕೊಂಡೆ.

ಎಲ್ಲಿ ಸರಿಹೋಯಿತು? ಹಾಗೆ ಸೊನ್ನೆ ಮಾಡಿದರೆ, ಎದೆ ಪೂರ್ತಿ ಮೇಲೇಳಲು ಬಿಡದೆ ಕೈ ಭಾರ ಹಾಕಿಕೊಂಡೇ ಇರೋ ತಪ್ಪು ಕಾಣೋದೇ ಇಲ್ಲ. ಅದಕ್ಕೆ ಭಾರ ಹಿಡಿಯುವ ತೆಳು ಪ್ಯಾಡ್ ಬೇರೆ ತಂದೆ, ಆರುನೂರು ಚಿಲ್ಲರೆ. ಅಷ್ಟರಲ್ಲಿ ಜುಲೈ ಬಂತು. ನಮ್ಮ ಜುಲೈ ಅಂದ್ರೆ ಗೊತ್ತಲ್ಲ, ಚಪ್ಪಲಿಗೂ ಬೂಸ್ಟು ಹಿಡಿಯುತ್ತೆ. ಬೆಸುಗೆಗಳಿಗೆ ಹಸಿರು ಕಿಲುಬು ಬಂದು ಎರಡು ಬೋರ್ಡ್ ಸತ್ತವು. ಮೂರನೆಯದಕ್ಕೆ ಉಗುರಿಗೆ ಹಚ್ಚುವ ಪಾಲಿಶ್ ಬಳಿದು ಉಳಿಸಿಕೊಂಡೆ.

ಸೆನ್ಸರ್ ನಿಜ ಹೇಳುತ್ತಿದೆಯಾ ಅಂತ ನೋಡೋಕೆ ಬೊಂಬೆಯ ಪಕ್ಕೆ ಸೀಳಿದೆ. ಎದೆ ತಟ್ಟೆಗೆ ಅಮ್ಮನ ಸ್ವೆಟರ್ ಕಡ್ಡಿ ಅಂಟಿಸಿ ಸೀಳಿನಿಂದ ಹೊರಗೆ ತಂದೆ. ಬೆನ್ನಿನ ತಟ್ಟೆಗೆ ಸ್ಕೂಲ್ ಸ್ಕೇಲ್ ನಿಲ್ಲಿಸಿದೆ. ಕಡ್ಡಿ ಸ್ಕೇಲಿನ ಮೇಲೆ ಇಳಿಯೋದನ್ನು ಮೊಬೈಲಿನಲ್ಲಿ ನಿಧಾನದ ವಿಡಿಯೋ ತೆಗೆದೆ. ವಾರ್ಡಿನ ಫೋಮ್ ಹಾಸಿಗೆ ಮೇಲೆ ಸೆನ್ಸರ್ 5 ಅಂದಾಗ ಕಡ್ಡಿ ಮೂರೂವರೆಯಲ್ಲೇ ನಿಂತಿತ್ತು. ಮಿಕ್ಕಿದ್ದು ಹಾಸಿಗೆ ನುಂಗಿತ್ತು.

ಆಮೇಲೆ ಬೆನ್ನಿನ ಕೆಳಗೆ ಇನ್ನೊಂದು ಸೆನ್ಸರ್ ಇಟ್ಟೆ. ಮೇಲಿನದರಲ್ಲಿ ಕೆಳಗಿನದನ್ನು ಕಳೆದರೆ ಎದೆ ಇಳಿದ ಲೆಕ್ಕ ಸಿಗುತ್ತೆ. ಕಡ್ಡಿಗೂ ಅದಕ್ಕೂ ಮೂರ್ನಾಲ್ಕು ಮಿ.ಮೀ. ವ್ಯತ್ಯಾಸ, ಅಷ್ಟೇ. ಕೆಳಗಿನದನ್ನು ಓರೆಯಾಗದ ಹಾಗೆ ಹೇಗೆ ಕೂರಿಸಿದೆ ಅನ್ನೋದನ್ನು ಮಾತ್ರ ಸದ್ಯ ಹೇಳಲ್ಲ. ಅದಕ್ಕೆ ಮೂರು ತಿಂಗಳು ಹೋಗಿದೆ ಸ್ವಾಮಿ.

ಸುಮ್ನೆ ಇರಲಾಗದೆ ಬೊಂಬೆಯನ್ನು ಜೀಪಿನಲ್ಲಿ ಹಾಕಿಕೊಂಡು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದೆವು. ಒಂದೇ ಸೆನ್ಸರ್ ಇದ್ದರೆ ತಿರುವು, ಗುಂಡಿ ಎಲ್ಲವೂ ಒತ್ತು ಅಂತ ಲೆಕ್ಕಕ್ಕೆ ಬರುತ್ತೆ. ಎರಡಿದ್ದರೆ ಬಹುಪಾಲು ಕಳೆದುಹೋಗುತ್ತೆ. ವಾಂತಿ ಮಾತ್ರ ನನಗೆ ಬಂತು. ಇನ್ನೊಂದು ಸಲ ತಾಳಕ್ಕೆ ಅಂತ ಮದುವೆಯ ವಾಲಗ ಹಾಕಿದೆ. ಹುಡುಗಿಯರು ಹುರುಪಿನಲ್ಲಿ 130 ದಾಟಿದರು, ಆಳ ಕಡಿಮೆ ಆಯಿತು. ಈಗ ಟಿಕ್ ಟಿಕ್ ಅನ್ನೋ ಮೆಟ್ರೋನೋಮ್ ಆ್ಯಪ್, 110ಕ್ಕೆ.

ಒಟ್ಟು ಖರ್ಚು ಒಂಬತ್ತು ಸಾವಿರ ಇರಬಹುದು. ಅದರಲ್ಲಿ ನಾಲ್ಕು ಸಾವಿರ ಹಾಳಾಗಿದ್ದಕ್ಕೇ ಹೋಯಿತು. ಇದು ಬೊಂಬೆಗೆ ಮಾತ್ರ. ಮಗುವಿನ ಮೇಲೆ ಇಟ್ಟಿಲ್ಲ, ಇಡೋದೂ ಇಲ್ಲ.

ಕಳೆದ ಜೂನಿನಲ್ಲಿ ಡಾಕ್ಟರ್ ತಾವೇ ತೋಳು ಮಡಚಿ ಬಂದರು. ಫೋಮಿನ ಮೇಲೆ ಎರಡು ನಿಮಿಷ ಒತ್ತಿದರು. ಪರದೆಯಲ್ಲಿ ಮೂರೂವರೆ ಮೇಲೆ ಏರಲೇ ಇಲ್ಲ. "ನಿಮ್ಮ ಮೆಷಿನ್ ಸರಿಯಿಲ್ಲ ಸಿಸ್ಟರ್" ಅಂದರು. ನಾನು ಮಾತಾಡದೆ ಸ್ವೆಟರ್ ಕಡ್ಡಿಯ ವಿಡಿಯೋ ತೋರಿಸಿದೆ. ಬೆವರು ಒರೆಸಿಕೊಂಡು ಎರಡು ಸಲ ನೋಡಿದರು. ಮಾರನೇ ವಾರ ಮಕ್ಕಳ ವಾರ್ಡಿಗೆ ಬೆನ್ನಡಿಗೆ ಇಡುವ ಹಲಗೆಗಳು ಬಂದವು.