ಮೆಡಿಕಲ್ ಶಾಪಿನ ಕಾನೂನು ಕೌಂಟರ್ ಮೇಲೆ: ಲೈಸೆನ್ಸ್, ಎಚ್1 ರಿಜಿಸ್ಟರ್, ಸ್ಯಾಂಪಲ್

ಔಷಧ ಕಾಯ್ದೆ ಕೇಂದ್ರದ್ದು, ಅದನ್ನು ಹಿಡಿದುಕೊಂಡು ನಮ್ಮ ಅಂಗಡಿಗೆ ಬರುವವರು ರಾಜ್ಯದವರು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯ್ದೆ ದೇಶಕ್ಕೆಲ್ಲ ಒಂದೇ. ಆದರೆ ಕರ್ನಾಟಕದಲ್ಲಿ ಚಿಲ್ಲರೆ ಅಂಗಡಿಗೆ ಲೈಸೆನ್ಸ್ ಕೊಡುವುದು, ತಪಾಸಣೆ ಮಾಡುವುದು, ಅಮಾನತಿನಲ್ಲಿಡುವುದು ಸಹಾಯಕ ಔಷಧ ನಿಯಂತ್ರಕರು ಮತ್ತು ಡ್ರಗ್ ಇನ್‌ಸ್ಪೆಕ್ಟರುಗಳು. ಫಾರ್ಮಾಸಿಸ್ಟರ ಹೆಸರು ಇರಬೇಕಾದದ್ದು ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ಲಿನ ಪಟ್ಟಿಯಲ್ಲಿ. ಇಲ್ಲಿ ಬರೆಯುತ್ತಿರುವುದು ಚಿಲ್ಲರೆ ಅಂಗಡಿಯ ಕೆಲಸದ ಕ್ರಮ. ಲೈಸೆನ್ಸ್ ಪಡೆಯುವುದಕ್ಕಿಂತ ಪಡೆದ ಮೇಲಿನ ದಿನನಿತ್ಯದ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಎಡವುವುದು ಅಲ್ಲೇ.

ಅರ್ಜಿ ಫಾರಂ 19ರಲ್ಲಿ. ಸಿಗುವ ಲೈಸೆನ್ಸ್ ಎರಡು: ಫಾರಂ 20 ಮತ್ತು ಫಾರಂ 21. ಸಾಮಾನ್ಯ ಔಷಧಗಳಿಗೆ 20; ಶೆಡ್ಯೂಲ್ (ನಿಯಮಗಳ ಜೊತೆಗಿರುವ ಔಷಧಪಟ್ಟಿ) ಸಿ ಮತ್ತು ಸಿ(1)ಕ್ಕೆ ಸೇರಿದ ಔಷಧಗಳಿಗೆ 21 ಬೇಕು. ಇನ್ಸುಲಿನ್, ಲಸಿಕೆ ಮಾತ್ರವಲ್ಲ, ಆಂಟಿಬಯೋಟಿಕ್ ಮಾತ್ರೆ, ವಿಟಮಿನ್, ಹಾರ್ಮೋನು ಕೂಡ ಆ ಪಟ್ಟಿಯಲ್ಲಿವೆ. ಹಾಗಾಗಿ ಬರೀ 20 ಇಟ್ಟುಕೊಂಡು ಮೆಡಿಕಲ್ ಶಾಪ್ ನಡೆಯುವುದಿಲ್ಲ. ಶುಲ್ಕ ಒಂದಕ್ಕೆ 1,500 ರೂಪಾಯಿ, ಎರಡಕ್ಕೂ ಸೇರಿ 3,000. ಜಾಗ ಕನಿಷ್ಠ 10 ಚದರ ಮೀಟರ್ ಇರಬೇಕು. ಚಿಲ್ಲರೆ ಮತ್ತು ಸಗಟು ಎರಡೂ ಒಂದೇ ಕಡೆ ಮಾಡುವುದಾದರೆ 15. ಈ ಅಳತೆಯನ್ನು ಗೋಡೆಯ ಒಳಮೈಯಿಂದ ತೆಗೆಯಬೇಕು. 10.2 ಎಂದು ನಕ್ಷೆ ಬರೆಸಿ, ಒಳಗೆ ಕಂಬವೋ ಮೆಟ್ಟಿಲೋ ಜಾಗ ತಿಂದಿದ್ದರೆ ತಪಾಸಣೆಯ ದಿನ 10ಕ್ಕಿಂತ ಕೆಳಗೆ ಇಳಿಯುತ್ತದೆ. ಕನಿಷ್ಠ 11 ಬರುವಂತೆ ನೋಡಿಕೊಳ್ಳಿ. ಬಾಡಿಗೆ ಕರಾರು, ನಕ್ಷೆ, ವಿದ್ಯುತ್ ಬಿಲ್ ಮೂರರಲ್ಲೂ ಕಟ್ಟಡದ ಸಂಖ್ಯೆ ಒಂದೇ ಇರಲಿ. ಅರ್ಜಿ ನಿಲ್ಲುವ ಇನ್ನೊಂದು ದೊಡ್ಡ ಕಾರಣ, ಫಾರ್ಮಾಸಿಸ್ಟರ ಹೆಸರು ಹಿಂದಿನ ಅಂಗಡಿಯ ಲೈಸೆನ್ಸಿನಲ್ಲೇ ಉಳಿದಿರುವುದು. ಅಲ್ಲಿಂದ ಬಿಡುಗಡೆಯ ಪತ್ರ ಮೊದಲು, ಇಲ್ಲಿಯ ಅರ್ಜಿ ಆಮೇಲೆ.

2017ರ ತಿದ್ದುಪಡಿಯ ನಂತರ ನವೀಕರಣ ಎಂಬುದಿಲ್ಲ. ಲೈಸೆನ್ಸ್ ಸಿಕ್ಕ ದಿನದಿಂದ 5 ವರ್ಷ ತುಂಬುವುದರೊಳಗೆ ಅದನ್ನು ಉಳಿಸಿಕೊಳ್ಳಲು ಅಷ್ಟೇ ಮೊತ್ತದ ಶುಲ್ಕ (ರಿಟೆನ್ಷನ್ ಫೀ) ಕಟ್ಟಬೇಕು. ತಪ್ಪಿದರೆ ತಿಂಗಳಿಗೆ ಶೇ. 2ರಂತೆ ದಂಡ ಸೇರಿಸಿ 6 ತಿಂಗಳವರೆಗೆ ಅವಕಾಶ. ಅದೂ ದಾಟಿದರೆ ಯಾರೂ ಆದೇಶ ಹೊರಡಿಸಬೇಕಿಲ್ಲ, ಲೈಸೆನ್ಸ್ ತಾನಾಗಿಯೇ ರದ್ದಾದಂತೆ. ಆಮೇಲೆ ಮಾರಿದ ಒಂದೊಂದು ಮಾತ್ರೆಯೂ ಲೈಸೆನ್ಸ್ ಇಲ್ಲದ ಮಾರಾಟ; ಅದಕ್ಕೆ ಕಾಯ್ದೆಯ 27ನೇ ಕಲಮಿನಲ್ಲಿ 3ರಿಂದ 5 ವರ್ಷದ ಜೈಲಿದೆ. ‘ಈಗ ಲೈಸೆನ್ಸ್ ಶಾಶ್ವತ’ ಎಂಬ ಮಾತನ್ನು ಅರ್ಧ ಕೇಳಿಸಿಕೊಂಡವರು ಸಿಕ್ಕಿಬೀಳುವುದು ಇಲ್ಲೇ.

ಸರ್ಟಿಫಿಕೇಟ್ ಬಾಡಿಗೆಯ ವಿಷಯವನ್ನು ನೇರವಾಗಿಯೇ ಹೇಳುತ್ತೇನೆ. ಗೋಡೆಯ ಮೇಲೆ ಒಬ್ಬರ ಪ್ರಮಾಣಪತ್ರ, ಕೌಂಟರಿನಲ್ಲಿ ಇನ್ನೊಬ್ಬರು: ಇದು ಫಾರ್ಮಸಿ ಕಾಯ್ದೆಯ 42ನೇ ಕಲಮಿಗೂ 1945ರ ನಿಯಮಗಳ ನಿಯಮ 65(2)ಕ್ಕೂ ವಿರುದ್ಧ. ವೈದ್ಯರ ಚೀಟಿಯ ಮೇಲೆ ಕೊಡುವ ಔಷಧವನ್ನು ನೋಂದಾಯಿತ ಫಾರ್ಮಾಸಿಸ್ಟ್ ತಾವೇ ಕೊಡಬೇಕು, ಇಲ್ಲವೇ ಅವರ ಕಣ್ಣೆದುರಿಗೆ ಕೊಡಿಸಬೇಕು. ಬೆಳಗ್ಗೆ 8ರಿಂದ ರಾತ್ರಿ 10ರವರೆಗೆ ಅಂಗಡಿ ತೆರೆದಿದ್ದರೆ ಅದು 14 ಗಂಟೆ. ಒಬ್ಬರಿಂದ ಆಗದ ಕೆಲಸ. ಇಬ್ಬರನ್ನು ಇಡಬೇಕು, ಇಲ್ಲವೇ ಹೊತ್ತು ಕಡಿಮೆ ಮಾಡಬೇಕು. ಊಟಕ್ಕೆ ಹೋಗುವ ಮುಕ್ಕಾಲು ಗಂಟೆ ‘ಫಾರ್ಮಾಸಿಸ್ಟ್ ಇಲ್ಲ, ಚೀಟಿ ಔಷಧ 2.15ರ ನಂತರ’ ಎಂದು ಬೋರ್ಡ್ ಹಾಕಿ, ಶೆಡ್ಯೂಲ್ ಎಚ್1ರ (ಯಾರಿಗೆ ಕೊಟ್ಟದ್ದೆಂದು ಬೇರೆ ರಿಜಿಸ್ಟರಿನಲ್ಲಿ ಬರೆಯಲೇಬೇಕಾದ) ಔಷಧಗಳ ಕಪಾಟಿಗೆ ಬೀಗ ಹಾಕುತ್ತೇನೆ. ಗಿರಾಕಿ ಹೋಗಬಹುದು. ತಪ್ಪು ಡೋಸ್ ಹೋಗುವುದಕ್ಕಿಂತ ಅದು ಮೇಲು.

ಇನ್ನು ಖರೀದಿ. ಹೊಸ ಸ್ಟಾಕಿಸ್ಟರ (ಸಗಟು ಮಾರಾಟಗಾರರ) ಮೊದಲ ಬಿಲ್ಲಿಗೂ ಮುಂಚೆ ಅವರ 20ಬಿ, 21ಬಿ ಎಂಬ ಸಗಟು ಲೈಸೆನ್ಸಿನ ಪ್ರತಿ ತರಿಸಿ ಫೈಲಿಗೆ ಹಾಕಿ. ಮಾಲು ಬಂದಾಗ ಎಣಿಕೆ ನೋಡಿದರೆ ಸಾಲದು, ಬ್ಯಾಚ್ ನಂಬರನ್ನು ಬಿಲ್ಲಿನ ಜೊತೆ ತಾಳೆ ಹಾಕಬೇಕು. 10 ಸ್ಟ್ರಿಪ್ಪಿನಲ್ಲಿ 7 ಒಂದು ಬ್ಯಾಚು, 3 ಇನ್ನೊಂದು, ಬಿಲ್ಲಿನಲ್ಲಿ ಮಾತ್ರ ಒಂದೇ ಬ್ಯಾಚು: ಇದು ಆಗಾಗ ಬರುತ್ತದೆ. ಆ 3 ಸ್ಟ್ರಿಪ್ಪನ್ನು ಅಂದೇ ವಾಪಸ್ ಕಳಿಸಿ, ಇಲ್ಲವೇ ಬಿಲ್ ತಿದ್ದಿಸಿ. ಔಷಧ ಕಳಪೆ ಎಂದು ಮುಂದೆ ವರದಿ ಬಂದರೆ ಅಂಗಡಿಯವರನ್ನು ಕಾಪಾಡುವುದು ಕಾಯ್ದೆಯ 19(3). ಲೈಸೆನ್ಸ್ ಇರುವವರಿಂದಲೇ ಕೊಂಡಿದ್ದೇನೆ, ದೋಷ ನನಗೆ ಗೊತ್ತಾಗುವಂತಿರಲಿಲ್ಲ, ಬಂದ ಸ್ಥಿತಿಯಲ್ಲೇ ಸರಿಯಾಗಿ ಇಟ್ಟಿದ್ದೆ ಎಂದು ಮೂರನ್ನೂ ತೋರಿಸಬೇಕು. ಬಿಲ್ಲಿನಲ್ಲಿ ಆ ಬ್ಯಾಚೇ ಇಲ್ಲದಿದ್ದರೆ ಮೊದಲನೆಯದೇ ಬಿದ್ದುಹೋಗುತ್ತದೆ. ಮೂರನೆಯದಕ್ಕೆ ಫ್ರಿಜ್ಜಿನ ಉಷ್ಣತೆಯ ಪುಸ್ತಕ ಬೇಕು: 2ರಿಂದ 8 ಡಿಗ್ರಿ, ದಿನಕ್ಕೆ ಎರಡು ಬಾರಿ, ಕರೆಂಟ್ ಹೋದ ಹೊತ್ತನ್ನೂ ಸೇರಿಸಿ. ಒಂದೇ ಪೆನ್ನಿನಲ್ಲಿ ತಿಂಗಳಿಡೀ ‘4, 4, 4’ ಎಂದು ಬರೆದ ಪುಸ್ತಕವನ್ನು ಯಾರೂ ನಂಬುವುದಿಲ್ಲ.

ಬ್ಯಾಚಿನ ಲೆಕ್ಕ ಬರೀ ನಮ್ಮ ರಕ್ಷಣೆಗಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡು, ಡ್ರಿಪ್ಪಿನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದದ್ದು ಎಲ್ಲರಿಗೂ ನೆನಪಿದೆ. ಇಂಥ ಹೊತ್ತಿನಲ್ಲಿ ‘ಈ ಬ್ಯಾಚು ನಿಮ್ಮಲ್ಲಿದೆಯೇ, ಯಾರಿಗೆ ಕೊಟ್ಟಿರಿ’ ಎಂಬ ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಉತ್ತರ ಸಿಗಬೇಕು.

ಎಚ್1 ರಿಜಿಸ್ಟರ್ 2014ರ ಮಾರ್ಚ್ 1ರಿಂದ ಕಡ್ಡಾಯ. ಆಗ ಪಟ್ಟಿಯಲ್ಲಿದ್ದದ್ದು 46 ಔಷಧ. ಬರೆಯಬೇಕಾದದ್ದು ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ. ಇಟ್ಟುಕೊಳ್ಳಬೇಕಾದದ್ದು 3 ವರ್ಷ. ಕೊಡುವ ಹೊತ್ತಿಗೇ ಬರೆಯಬೇಕು, ರಾತ್ರಿ ಬಿಲ್ ನೋಡಿಕೊಂಡು ಒಟ್ಟಿಗೆ ಬರೆಯುವುದಲ್ಲ. ಯಾವುದು ಎಚ್1, ಯಾವುದು ಬರೀ ಎಚ್ (ಚೀಟಿ ಬೇಕು, ಎಚ್1 ರಿಜಿಸ್ಟರ್ ಬೇಡ) ಎಂಬಲ್ಲೇ ಗೊಂದಲ ಜಾಸ್ತಿ. ಸೆಫಿಕ್ಸಿಮ್, ಸೆಫ್ಪೊಡಾಕ್ಸಿಮ್, ಲಿವೋಫ್ಲಾಕ್ಸಾಸಿನ್, ಟ್ರಮಡಾಲ್, ಅಲ್ಪ್ರಜೋಲಮ್, ಜೋಲ್ಪಿಡೆಮ್ ಎಚ್1. ಅಜಿಥ್ರೊಮೈಸಿನ್ ಎಚ್ ಮಾತ್ರ. ಬೆರಕೆ ಮಾತ್ರೆಯಲ್ಲಿ ಎಚ್1 ಅಂಶ ಒಂದಿದ್ದರೂ ಅದು ಎಚ್1: ಟ್ರಮಡಾಲ್ ಜೊತೆ ಪ್ಯಾರಾಸಿಟಮಾಲ್, ಸೆಫಿಕ್ಸಿಮ್ ಜೊತೆ ಓಫ್ಲಾಕ್ಸಾಸಿನ್. ಹೆಚ್ಚಿನ ಅಂಗಡಿಗಳಲ್ಲಿ ತಪ್ಪಿಹೋಗುವುದು ಕಣ್ಣಿನ ಹನಿ. ಚರ್ಮಕ್ಕೆ ಹಚ್ಚುವ ಮುಲಾಮಿಗೆ ಇರುವ ವಿನಾಯಿತಿ ಕಣ್ಣು, ಕಿವಿ, ಮೂಗಿನ ಔಷಧಕ್ಕೆ ಇಲ್ಲ. ಆದ್ದರಿಂದ ಮಾಕ್ಸಿಫ್ಲಾಕ್ಸಾಸಿನ್ ಹನಿಯ 5 ಎಂ.ಎಲ್. ಬಾಟಲಿಯೂ ರಿಜಿಸ್ಟರಿಗೆ ಬರಬೇಕು.

ನನ್ನ ರಿಜಿಸ್ಟರಿನಲ್ಲಿ ಒಂದೊಂದು ಔಷಧಕ್ಕೆ ಬೇರೆ ಪುಟ. ನಿಯಮ ಕೇಳದಿದ್ದರೂ ಬಿಲ್ ನಂಬರ್, ಬ್ಯಾಚ್, ಉಳಿಕೆ ಎಂದು ಮೂರು ಕಾಲಂ ಹೆಚ್ಚು. ಪ್ರಮಾಣವನ್ನು ಮಾತ್ರೆಯ ಲೆಕ್ಕದಲ್ಲೇ ಬರೆಯಬೇಕು. ಸ್ಟ್ರಿಪ್ ಲೆಕ್ಕದಲ್ಲಿ ‘1’ ಎಂದು ಬರೆದರೆ ಅದು 1 ಮಾತ್ರೆಯೋ 10 ಮಾತ್ರೆಯೋ ಆಮೇಲೆ ತಿಳಿಯುವುದಿಲ್ಲ. ತಿಂಗಳ ಕೊನೆಗೆ ತಾಳೆ: ಅಲ್ಪ್ರಜೋಲಮ್ 0.5 ಮೊದಲು 60 ಇತ್ತು, ಕೊಂಡದ್ದು 150, ರಿಜಿಸ್ಟರ್ ಪ್ರಕಾರ ಹೋದದ್ದು 135, ಹಾಗಾದರೆ ಕಪಾಟಿನಲ್ಲಿ 75 ಇರಬೇಕು. 65 ಇದ್ದರೆ 10 ಮಾತ್ರೆ ಬರೆಯದೆ ಹೋಗಿವೆ. ಅಂದೇ ಬಿಲ್ಲುಗಳಲ್ಲಿ ಹುಡುಕಿದರೆ ಸಿಗುತ್ತದೆ, ಆರು ತಿಂಗಳಾದ ಮೇಲೆ ಸಿಗುವುದಿಲ್ಲ.

ಕ್ಷಯದ ಔಷಧಕ್ಕೆ ಇನ್ನೊಂದು ಹೊಣೆ ಇದೆ. ರಿಫಾಂಪಿಸಿನ್, ಐಸೋನಿಯಾಜಿಡ್, ಎಥಾಂಬ್ಯುಟಾಲ್, ಪೈರಜಿನಮೈಡ್ ಕೊಟ್ಟರೆ 2018ರ ಮಾರ್ಚ್ 16ರ ಅಧಿಸೂಚನೆಯಂತೆ ಕ್ಷಯ ಕಾರ್ಯಕ್ರಮದವರಿಗೆ ರೋಗಿಯ ವಿವರ ತಿಳಿಸಬೇಕು, ಚೀಟಿಯ ಪ್ರತಿಯನ್ನೂ ಇಟ್ಟುಕೊಳ್ಳಬೇಕು. ವಿಳಾಸ ಕೇಳಿದರೆ ಕೆಲವರು ಹಿಂಜರಿಯುತ್ತಾರೆ. ಕೌಂಟರಿನ ಬದಿಗೆ ಕರೆದು, ಸರ್ಕಾರದಿಂದ ಔಷಧ ಪುಕ್ಕಟೆ ಸಿಗುತ್ತದೆ ಎಂದು ಮೆಲ್ಲಗೆ ಹೇಳಿದರೆ ಕೊಡುತ್ತಾರೆ.

ಚೀಟಿಯಲ್ಲಿ ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು ಮತ್ತು ವಿಳಾಸ, ಒಟ್ಟು ಪ್ರಮಾಣ, ಡೋಸ್ ಇರಬೇಕು. ಔಷಧ ಕೊಟ್ಟ ಮೇಲೆ ವೈದ್ಯರ ಸಹಿಯ ಮೇಲ್ಭಾಗದಲ್ಲಿ ಅಂಗಡಿಯ ಹೆಸರು, ವಿಳಾಸ, ಕೊಟ್ಟ ದಿನಾಂಕದ ಮೊಹರು ಬೀಳಬೇಕು. ಅದೇ ಚೀಟಿ ಮತ್ತೊಂದು ಅಂಗಡಿಯಲ್ಲಿ ಮತ್ತೆ ಓಡದಂತೆ ತಡೆಯುವುದು ಆ ಮೊಹರೇ. ವೈದ್ಯರು ಬರೆದಿಲ್ಲದಿದ್ದರೆ ಎರಡನೇ ಸಲ ಕೊಡುವಂತಿಲ್ಲ. ನಿಯಮ 65(11ಎ) ಪ್ರಕಾರ ಶೆಡ್ಯೂಲ್ ಎಚ್ ಮತ್ತು ಎಕ್ಸ್‌ನ ಔಷಧಕ್ಕೆ ಬದಲಿ ಕೊಡುವಂತಿಲ್ಲ, ಒಳಗಿನ ಅಂಶ ಅದೇ ಆಗಿದ್ದರೂ. ಬಡ ರೋಗಿಗೆ ಅಗ್ಗದ್ದು ಕೊಡೋಣ ಎಂಬ ಮನಸ್ಸು ಒಳ್ಳೆಯದೇ. ಆದರೆ ವೈದ್ಯರಿಗೆ ಫೋನ್ ಮಾಡಿ, ಚೀಟಿಯಲ್ಲೇ ತಿದ್ದಿಸಿ ಸಹಿ ಹಾಕಿಸಿಕೊಂಡು ಬರಲು ಹೇಳುವುದೇ ಸರಿಯಾದ ದಾರಿ. ಬಿಡಿ ಮಾತ್ರೆ ಕೊಡುವಾಗ ಬ್ಯಾಚ್ ಮತ್ತು ಎಕ್ಸ್‌ಪೈರಿ ಅಚ್ಚಾದ ತುದಿಯನ್ನು ಉಳಿಸಿಕೊಂಡು ಇನ್ನೊಂದು ತುದಿಯಿಂದ ಕತ್ತರಿಸಿ. ಕವರಿನ ಮೇಲೆ ಔಷಧದ ಹೆಸರು, ಎಣಿಕೆ, ಅಂಗಡಿಯ ವಿಳಾಸ ಬರೆಯಿರಿ.

ಅವಧಿ ಮುಗಿದದ್ದು ಕಪಾಟಿನಲ್ಲಿ ಸಿಕ್ಕಿದರೆ ‘ವಾಪಸ್ ಕಳಿಸಲು ಇಟ್ಟಿದ್ದೆವು’ ಎಂಬ ಮಾತು ನಡೆಯುವುದಿಲ್ಲ. ಬೇರೆ ಡಬ್ಬ, ಅದರ ಮೇಲೆ ಎದ್ದು ಕಾಣುವಂತೆ ‘ಮಾರಾಟಕ್ಕಲ್ಲ’, ಜೊತೆಗೆ ಸ್ಟಾಕಿಸ್ಟರಿಗೆ ಬರೆದ ವಾಪಸಾತಿ ಚೀಟಿಯ ಪ್ರತಿ ಇರಬೇಕು. ಕಂಪನಿಗಳು ವೈದ್ಯರಿಗೆ ಪುಕ್ಕಟೆ ಕೊಡುವ ಸ್ಯಾಂಪಲ್ ಒಂದು ಸ್ಟ್ರಿಪ್ಪೂ ಅಂಗಡಿಯೊಳಗೆ ಬೇಡ.

ಇನ್‌ಸ್ಪೆಕ್ಟರ್ ಬಂದಾಗ ಫಾರಂ 35ರ ತಪಾಸಣಾ ಪುಸ್ತಕ ಮುಂದಿಡಬೇಕು. ಪರೀಕ್ಷೆಗೆ ಸ್ಯಾಂಪಲ್ ತೆಗೆದರೆ ಅದನ್ನು ತಿಳಿಸುವ ಫಾರಂ 17 ಕೊಡುತ್ತಾರೆ, ಬೆಲೆಯನ್ನೂ ಕೊಡುತ್ತಾರೆ. ಸ್ಯಾಂಪಲ್ಲಿನ ಭಾಗಗಳಿಗೆ ನಮ್ಮೆದುರೇ ಸೀಲ್ ಹಾಕಬೇಕು, ಅದರಲ್ಲಿ ಒಂದು ಭಾಗ ನಮ್ಮದು. ಅದನ್ನು ಬಿಸಿಲು ತಾಗದ ಕಡೆ, ಸೀಲ್ ಒಡೆಯದೆ ಇಡಿ. ಒಂದು ಭಾಗ ಸರ್ಕಾರಿ ವಿಶ್ಲೇಷಕರಿಗೆ ಹೋಗುತ್ತದೆ; ನಮ್ಮಲ್ಲಿ ಪ್ರಯೋಗಾಲಯ ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯಲ್ಲಿದೆ. ಫಾರಂ 15 ಕೊಟ್ಟರೆ ಆ ದಾಸ್ತಾನನ್ನು ಅದರಲ್ಲಿ ಬರೆದಷ್ಟು ದಿನ, ಹೆಚ್ಚೆಂದರೆ 20 ದಿನ, ಮಾರುವಂತಿಲ್ಲ. ಫಾರಂ 16 ಎಂದರೆ ಜಪ್ತಿಯ ರಸೀದಿ. ವಿಶ್ಲೇಷಕರ ವರದಿ ಫಾರಂ 13ರಲ್ಲಿ ಬರುತ್ತದೆ. ಅದನ್ನು ಒಪ್ಪದಿದ್ದರೆ ಪ್ರತಿ ಕೈಸೇರಿದ 28 ದಿನದೊಳಗೆ ಲಿಖಿತವಾಗಿ ತಿಳಿಸಬೇಕು. ಲಕೋಟೆಯ ಮೇಲೆ ಬಂದ ದಿನಾಂಕ ಬರೆದಿಡದೆ ಈ 28 ದಿನ ಕಳೆದುಕೊಂಡರೆ ಆ ವರದಿಯೇ ಅಂತಿಮ ಸಾಕ್ಷ್ಯವಾಗಿ ಕೂರುತ್ತದೆ.

ಕಾರಣ ಕೇಳಿದ ನೋಟಿಸಿಗೆ ‘ಇನ್ನು ಮುಂದೆ ತಪ್ಪಾಗದು’ ಎಂದು ಒಂದು ಸಾಲು ಬರೆದು ಮುಗಿಸಬೇಡಿ. ಅದು ಎಲ್ಲ ಆರೋಪವನ್ನೂ ಒಪ್ಪಿಕೊಂಡಂತೆ. ಒಂದೊಂದು ಅಂಶಕ್ಕೂ ಬಿಲ್ ನಂಬರ್, ರಿಜಿಸ್ಟರಿನ ಪುಟ ಹೇಳಿ ಉತ್ತರಿಸಿ, ನಿಜವಾದ ತಪ್ಪಿದ್ದರೆ ಅದನ್ನು ತಿದ್ದಿದ ದಿನಾಂಕ ಕೊಡಿ. ನಿಯಮ 66ರಂತೆ ಅಮಾನತು ಅಥವಾ ರದ್ದತಿಯ ಆದೇಶ ಬಂದರೆ 3 ತಿಂಗಳೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು.

ಪಾಲುದಾರಿಕೆ ಬದಲಾದರೆ ಹಳೆಯ ಲೈಸೆನ್ಸ್ 3 ತಿಂಗಳು ಮಾತ್ರ ನಡೆಯುತ್ತದೆ, ಅಷ್ಟರೊಳಗೆ ಹೊಸದು ಪಡೆಯಬೇಕು. ಫಾರ್ಮಾಸಿಸ್ಟ್ ಬದಲಾದರೆ ಮಾಲೀಕರು ಒಂದು ತಿಂಗಳೊಳಗೆ ತಿಳಿಸಬೇಕು. ಕೆಲಸ ಬಿಡುವ ಫಾರ್ಮಾಸಿಸ್ಟರಿಗೆ ನನ್ನ ಸಲಹೆ: ಅದನ್ನು ಮಾಲೀಕರಿಗೆ ಬಿಟ್ಟು ಕೂರಬೇಡಿ. ಬಿಡುವ ದಿನವೇ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ನೀವೇ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಎಚ್1 ರಿಜಿಸ್ಟರಿನ ಪ್ರತಿ ಪುಟದಲ್ಲಿ ಕೊನೆಯ ಉಳಿಕೆಯ ಕೆಳಗೆ ಗೆರೆ ಎಳೆದು, ದಿನಾಂಕ ಹಾಕಿ, ಮಾಲೀಕರ ಸಹಿಯ ಜೊತೆ ನಿಮ್ಮ ಸಹಿ ಹಾಕಿ, ಆ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ.